ಆಸೆಗೂ ಒಂದು ತೂಕವಿದೆ

ರೋಗವು ಮನುಷ್ಯನ ಶರೀರವನ್ನು ಮಾತ್ರ ಪರೀಕ್ಷಿಸುವುದಿಲ್ಲ. ಅವನ ವಿಶ್ವಾಸವನ್ನೂ, ಮನೆಯವರ ವಿವೇಕವನ್ನೂ, ನೆರೆಹೊರೆಯವರ ಕರುಣೆಯನ್ನೂ ಅದು ಪರೀಕ್ಷಿಸುತ್ತದೆ. ಮಾರಕ ರೋಗವೊಂದು ಮನೆ ಹೊಕ್ಕಾಗ ದಾರಿಯ ಎರಡೂ ಬದಿಗಳಲ್ಲಿ ಒಂದೊಂದು ಹಳ್ಳವಿರುತ್ತದೆ. ಒಂದು ನಿರಾಶೆ, ಇನ್ನೊಂದು ಹುಸಿ ಆಸೆ. ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗುವುದು ವಿಶ್ವಾಸಿಗೆ ಸಲ್ಲದೆಂದು ನಾವು ಜುಮಾ ಪ್ರವಚನಗಳಲ್ಲಿ ಅನೇಕ ಬಾರಿ ಕೇಳಿದ್ದೇವೆ. ಆದರೆ ಹುಸಿ ಆಸೆಯ ಕುರಿತು ನಮಗೆ ಎಚ್ಚರಿಕೆ ನೀಡುವವರು ಎಷ್ಟು ಮಂದಿ? ಹುಸಿ ಆಸೆಯೂ ಒಂದು ಬಗೆಯ ಸುಳ್ಳೇ ಅಲ್ಲವೇ? ನಾವು ಪ್ರೀತಿಯಿಂದ ಹೇಳುವ ಸುಳ್ಳು ಎಂಬ ಕಾರಣಕ್ಕೆ ಅದು ಸತ್ಯವಾಗಿ ಬಿಡುವುದೇ?

ಓದುಗರೇ, ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಸಿಂಧನೂರು ತಾಲೂಕಿನ ಯಾವುದೋ ಒಂದು ಕ್ಯಾಂಪಿನಲ್ಲಿ ಮೂರು ಎಕರೆ ಗದ್ದೆಯಿರುವ ಒಂದು ಕುಟುಂಬ. ತಾಯಿಗೆ ಜಠರದ ಕ್ಯಾನ್ಸರ್. ರಾಯಚೂರಿಗೂ ಬೆಂಗಳೂರಿಗೂ ಅಲೆದಾಡಿದ್ದಾಯಿತು. ಎರಡು ಸುತ್ತಿನ ಬೇರೆ ಬೇರೆ ಔಷಧಗಳನ್ನು ಕೊಟ್ಟದ್ದಾಯಿತು. ಗಡ್ಡೆ ಮತ್ತೆ ಬೆಳೆದಿದೆ. ಆಗ ಮಗನು ಮೊಬೈಲಿನಲ್ಲಿ ಒಂದು ಸುದ್ದಿಯನ್ನು ನೋಡುತ್ತಾನೆ. “ಅಬ್ಬಾ, ಅಮ್ಮಿಯದೇ ರಕ್ತ ತೆಗೆದು, ಅದರೊಳಗಿನ ಕಣಗಳಿಗೆ ಕ್ಯಾನ್ಸರನ್ನು ಗುರುತಿಸೋದು ಕಲಿಸಿ ವಾಪಸ್ ಹಾಕ್ತಾರಂತೆ. ನಮ್ಮ ದೇಶದಲ್ಲೇ ಬಂದಿದೆ. ಹೊಲ ಮಾರಿಬಿಡೋಣ” ಎನ್ನುತ್ತಾನೆ. ಲಿಂಗಸೂಗೂರಿನಿಂದ ಬಂದಿರುವ ದೊಡ್ಡಪ್ಪನು, “ಇದೆಲ್ಲ ತಕ್ದೀರು ಬೇಟಾ. ಅಲ್ಲಾಹನ ಸೃಷ್ಟಿಯಲ್ಲಿ ಕೈ ಹಾಕಬಾರದು. ದುಆ ಮಾಡಿ ಸಬರ್ ಮಾಡೋಣ” ಎನ್ನುತ್ತಾರೆ. ತಂದೆಯು ಏನೂ ಹೇಳಲಾರದೆ ಕುಳಿತಿದ್ದಾರೆ. ಒಳಗೆ ಮಂಚದ ಮೇಲೆ ಮಲಗಿರುವ ತಾಯಿಯನ್ನು ಮಾತ್ರ ಯಾರೂ ಏನೂ ಕೇಳಿಲ್ಲ.

ಈ ಮೂವರಲ್ಲಿ ಯಾರು ಸರಿ? ಇದಕ್ಕೆ ಉತ್ತರಿಸುವ ಮುನ್ನ ಆ ಚಿಕಿತ್ಸೆಯು ಏನೆಂಬುದನ್ನು ತಿಳಿಯಬೇಕು. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಅನ್ಯಾಯಕ್ಕೆ ದಾರಿಯಾಗುತ್ತದೆ.

ಏನಿದು ಚಿಕಿತ್ಸೆ?

ನಮ್ಮ ರಕ್ತದಲ್ಲಿರುವ ಬಿಳಿ ಕಣಗಳಲ್ಲಿ ‘ಟಿ ಕೋಶ’ಗಳೆಂಬ ಒಂದು ವರ್ಗವಿದೆ. ಇವು ಶರೀರದ ಕಾವಲುಗಾರರು. ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಕೊಲ್ಲುವುದು ಇವುಗಳ ಕೆಲಸ. ಆದರೆ ಕ್ಯಾನ್ಸರ್ ಹೊರಗಿನಿಂದ ಬಂದ ಶತ್ರುವಲ್ಲ. ಅದು ಶರೀರದ ಸ್ವಂತ ಕೋಶವೇ ಹಾದಿತಪ್ಪಿ ಬೆಳೆದದ್ದು. ಮನೆಯವನ ಉಡುಪಿನಲ್ಲಿಯೇ ಇರುವ ಕಳ್ಳನನ್ನು ಕಾವಲುಗಾರನು ಹೇಗೆ ಗುರುತಿಸಬೇಕು? ವಿಜ್ಞಾನಿಗಳು ಮಾಡಿದ್ದೇನೆಂದರೆ, ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಅವುಗಳೊಳಗೆ ಒಂದು ಹೊಸ ಜೀನ್ ಸೇರಿಸಿದರು. ಆಗ ಆ ಕೋಶದ ಮೇಲೆ ಹೊಸದೊಂದು ಕೊಂಡಿ ಮೂಡುತ್ತದೆ. ಕ್ಯಾನ್ಸರ್ ಕೋಶದ ಮೇಲಿರುವ ನಿರ್ದಿಷ್ಟ ಗುರುತೊಂದನ್ನು ಆ ಕೊಂಡಿ ಹಿಡಿಯುತ್ತದೆ. ಹೀಗೆ ಸಿದ್ಧಪಡಿಸಿದ ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ, ಅದೇ ರೋಗಿಯ ರಕ್ತನಾಳಕ್ಕೆ ಮರಳಿಸುತ್ತಾರೆ. ಇದನ್ನೇ ‘ಕಾರ್-ಟಿ’ ಚಿಕಿತ್ಸೆ ಎನ್ನುತ್ತಾರೆ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಕಿಗೆ ಈ ಚಿಕಿತ್ಸೆ ನೀಡಲಾಯಿತು. ಬೇರೆ ಔಷಧಗಳಿಗೆ ಬಗ್ಗದ ರಕ್ತದ ಕ್ಯಾನ್ಸರ್ ಆಕೆಯದು. ಚಿಕಿತ್ಸೆಯ ದಿನಗಳಲ್ಲಿ ಆಕೆ ಸಾವಿನ ಅಂಚಿಗೆ ಹೋಗಿ ಬಂದಳು. ಆದರೆ ರೋಗ ಮಾಯವಾಯಿತು. 2017ರ ಆಗಸ್ಟ್‌ನಲ್ಲಿ ಅಮೆರಿಕ ಸರಕಾರವು ಈ ಔಷಧಕ್ಕೆ ಅನುಮತಿಯಿತ್ತಿತು. ಬೆಲೆ 4,75,000 ಡಾಲರು. ನಮ್ಮ ದೇಶದಲ್ಲಿ ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದ ತಜ್ಞರು ಕೂಡಿ ನೆಕ್ಸ್‌ಕಾರ್19 ಎಂಬುದನ್ನು ರೂಪಿಸಿದರು. 2023ರ ಅಕ್ಟೋಬರ್‌ನಲ್ಲಿ ಅದಕ್ಕೆ ಅನುಮತಿ ದೊರೆಯಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಅದನ್ನು ದೇಶಕ್ಕೆ ಅರ್ಪಿಸಿದರು. ವಿದೇಶದ ಬೆಲೆಯ ಹತ್ತನೇ ಒಂದು ಪಾಲು ಎಂದು ಹೇಳಲಾದರೂ ಅದೂ ಮೂವತ್ತು ನಲವತ್ತು ಲಕ್ಷ ರೂಪಾಯಿಗಳ ಮಾತು. ನಮ್ಮದೇ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯು 2025ರ ಜನವರಿಯಲ್ಲಿ ಕ್ವಾರ್ಟೆಮಿ ಎಂಬ ಇನ್ನೊಂದನ್ನು ಹೊರತಂದಿತು. ನೆಕ್ಸ್‌ಕಾರ್19ರ ಪರೀಕ್ಷೆಯಲ್ಲಿ ಫಲಿತಾಂಶವನ್ನು ಅಳೆಯಲು ಸಾಧ್ಯವಾದ 51 ರೋಗಿಗಳ ಪೈಕಿ ನೂರಕ್ಕೆ 73ರಷ್ಟು ಮಂದಿಯಲ್ಲಿ ರೋಗವು ಕುಗ್ಗಿತು ಅಥವಾ ಕಾಣದಾಯಿತು. ಎಲ್ಲ ದಾರಿಗಳೂ ಮುಚ್ಚಿದ್ದ ರೋಗಿಗಳಿಗೆ ಇದು ದೊಡ್ಡ ಅನುಗ್ರಹವೇ ಸರಿ.

ಆದರೆ ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಈ ಎರಡೂ ಔಷಧಗಳು ಬಂದಿರುವುದು ‘ಬಿ ಕೋಶ’ಗಳೆಂಬ ಬಿಳಿ ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳಿಗೆ, ಅಂದರೆ ರಕ್ತದ ಮತ್ತು ಹಾಲುರಸ ಗ್ರಂಥಿಗಳ ಕೆಲವು ಕ್ಯಾನ್ಸರ್‌ಗಳಿಗೆ. ನಮ್ಮ ಊರುಗಳಲ್ಲಿ ನಾವು ಹೆಚ್ಚಾಗಿ ಕಾಣುವುದು ಅವುಗಳನ್ನಲ್ಲ. ಬಾಯಿ, ಸ್ತನ, ಗರ್ಭಕೊರಳು, ಶ್ವಾಸಕೋಶ, ಜಠರ ಇವುಗಳ ಗಟ್ಟಿ ಗಡ್ಡೆಗಳನ್ನು. ಮಗನು ನೋಡಿದ ಸುದ್ದಿ ಸುಳ್ಳಲ್ಲ. ಆದರೆ ಅದು ಅವನ ತಾಯಿಯ ರೋಗದ ಸುದ್ದಿಯಲ್ಲ. ಸತ್ಯವಾದ ಸುದ್ದಿಯಿಂದಲೂ ಹುಸಿ ಆಸೆ ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೇ?

ಗಟ್ಟಿ ಗಡ್ಡೆಯ ಮುಂದೆ ಏಕೆ ಸೋಲು?

ಇದನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹೊಲಗದ್ದೆಗಳೇ ಸಾಕು.

ಮೊದಲನೆಯದು ಗುರುತಿನ ತೊಡಕು. ಭತ್ತದ ಗದ್ದೆಯಲ್ಲಿ ಎಳೆಯದಿರುವಾಗ ಪೈರಿನಂತೆಯೇ ಕಾಣುವ ಕಳೆಯೊಂದಿದೆ. ಕೈ ಪಳಗದವರು ಕಳೆಯೆಂದು ಪೈರನ್ನೇ ಕಿತ್ತುಬಿಡುತ್ತಾರೆ. ರಕ್ತದ ಕ್ಯಾನ್ಸರಿನಲ್ಲಿಯೂ ಈ ತೊಂದರೆಯಿದೆ. ಅಲ್ಲಿ ಕಾರ್-ಟಿ ಕೋಶಗಳು ಆರೋಗ್ಯವಂತ ಬಿ ಕೋಶಗಳನ್ನೂ ಕೊಲ್ಲುತ್ತವೆ. ಆದರೆ ಅವಿಲ್ಲದೆಯೂ ಮನುಷ್ಯನು ಬದುಕಬಲ್ಲ. ಶ್ವಾಸಕೋಶವಿಲ್ಲದೆ ಬದುಕಬಲ್ಲನೇ? 2010ರಲ್ಲಿ ಅಮೆರಿಕದಿಂದ ಒಂದು ವರದಿ ಪ್ರಕಟವಾಯಿತು. ಕರುಳಿನ ಕ್ಯಾನ್ಸರ್ ಹರಡಿದ್ದ ರೋಗಿಯೊಬ್ಬರಿಗೆ ಗಡ್ಡೆಯ ಮೇಲಿರುವ ಒಂದು ಗುರುತನ್ನು ಹಿಡಿಯುವ ಕೋಶಗಳನ್ನು ನೀಡಲಾಗಿತ್ತು. ಅದೇ ಗುರುತು ತೀರಾ ಅಲ್ಪ ಪ್ರಮಾಣದಲ್ಲಿ ಶ್ವಾಸಕೋಶದಲ್ಲಿಯೂ ಇತ್ತು. ಹದಿನೈದು ನಿಮಿಷಗಳಲ್ಲಿ ಉಸಿರಾಟದ ತೊಂದರೆ ಆರಂಭವಾಗಿ ಐದು ದಿನಗಳಲ್ಲಿ ಆ ರೋಗಿ ತೀರಿಕೊಂಡರು.

ಎರಡನೆಯದು ತಲುಪುವ ತೊಡಕು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಗೋಳು ನಮಗೆಲ್ಲ ಗೊತ್ತು. ಅಣೆಕಟ್ಟು ತುಂಬಿದ್ದರೂ, ಕಾಲುವೆಗೆ ನೀರು ಬಿಟ್ಟಿದ್ದರೂ, ತಮ್ಮ ತೂಬಿಗೆ ಬರುವಷ್ಟರಲ್ಲಿ ನೀರಿಲ್ಲ. ಕಾರ್-ಟಿ ಕೋಶಗಳ ಗತಿಯೂ ಇದೇ. ರಕ್ತದಲ್ಲಿ ಹರಿದಾಡುವ ಶತ್ರುವನ್ನು ಅವು ಸುಲಭವಾಗಿ ಹಿಡಿಯುತ್ತವೆ. ಆದರೆ ಗಡ್ಡೆಯ ಸುತ್ತ ನಾರಿನಂಥ ಬಿಗಿ ಪದರವಿರುತ್ತದೆ. ಅದರೊಳಗಿನ ರಕ್ತನಾಳಗಳು ಸೊಟ್ಟಪಟ್ಟಗಿರುತ್ತವೆ. ಒಳಗೆ ನುಸುಳುವ ಕೋಶಗಳು ಕೆಲವೇ.

ಮೂರನೆಯದು ಒಳಹೊಕ್ಕ ಮೇಲಿನ ತೊಡಕು. ಗಡ್ಡೆಯೊಳಗೆ ಆಮ್ಲಜನಕವೂ ಸಕ್ಕರೆಯೂ ಕಡಿಮೆ. ಮೇಲಾಗಿ ಟಿ ಕೋಶಗಳಿಗೆ ‘ಸುಮ್ಮನಿರು’ ಎಂದು ಹೇಳುವ ರಾಸಾಯನಿಕಗಳನ್ನು ಗಡ್ಡೆ ಹೊರಸೂಸುತ್ತಿರುತ್ತದೆ. ಕೆಲವು ದಿನಗಳಲ್ಲಿ ಕಾವಲುಗಾರನು ದಣಿದು ಕೂರುತ್ತಾನೆ. ಸವಳು ನೆಲದಲ್ಲಿ ಒಳ್ಳೆಯ ಬೀಜವೂ ಸೊರಗುವಂತೆ.

ನಾಲ್ಕನೆಯದು, ಗಡ್ಡೆಯ ಕೋಶಗಳೆಲ್ಲ ಒಂದೇ ಬಗೆಯವಲ್ಲ. ಗುರುತು ಇರುವವು ಸತ್ತರೆ ಇಲ್ಲದವು ಉಳಿದು ಮತ್ತೆ ಬೆಳೆಯುತ್ತವೆ.

ಸುಧಾರಣೆಯ ಹಾದಿ

ಇಷ್ಟೆಲ್ಲ ತೊಡಕುಗಳಿದ್ದರೂ ವಿಜ್ಞಾನಿಗಳು ಕೈಕಟ್ಟಿ ಕುಳಿತಿಲ್ಲ. ಒಂದಲ್ಲ, ಎರಡು ಗುರುತುಗಳು ಒಟ್ಟಿಗೆ ಕಂಡಾಗ ಮಾತ್ರ ದಾಳಿ ಮಾಡುವ ಕೋಶಗಳನ್ನು ರೂಪಿಸುತ್ತಿದ್ದಾರೆ. ಎರಡು ಬೀಗಗಳ ಪೆಟ್ಟಿಗೆಯಂತೆ ಇದು ಹೆಚ್ಚು ಸುರಕ್ಷಿತ. ರಕ್ತನಾಳಕ್ಕೆ ಕೊಡುವ ಬದಲು ಗಡ್ಡೆಯಿರುವ ಸ್ಥಳಕ್ಕೇ, ಮಿದುಳಿನ ಗಡ್ಡೆಯಾದರೆ ಮಿದುಳಿನ ದ್ರವಕ್ಕೇ ಕೋಶಗಳನ್ನು ಸೇರಿಸಿ ನೋಡುತ್ತಿದ್ದಾರೆ. ‘ಸುಮ್ಮನಿರು’ ಎಂಬ ಆಜ್ಞೆಯನ್ನು ಕೇಳಿಸಿಕೊಳ್ಳದಂತೆ ಕೋಶದ ಜೀನನ್ನು ತಿದ್ದುತ್ತಿದ್ದಾರೆ. ದಣಿಯದಂತೆ ತಮ್ಮ ಬುತ್ತಿಯನ್ನು ತಾವೇ ತಯಾರಿಸಿಕೊಳ್ಳುವ ಕೋಶಗಳನ್ನೂ ಬೆಳೆಸುತ್ತಿದ್ದಾರೆ.

ಫಲಿತಾಂಶಗಳೂ ಬರತೊಡಗಿವೆ. ರೋಮ್ ನಗರದ ಮಕ್ಕಳ ಆಸ್ಪತ್ರೆಯೊಂದು 2023ರಲ್ಲಿ ನ್ಯೂರೋಬ್ಲಾಸ್ಟೋಮ ಎಂಬ ಮಕ್ಕಳ ಗಡ್ಡೆಯ ಬಗ್ಗೆ ವರದಿ ನೀಡಿತು. 27 ಮಕ್ಕಳಲ್ಲಿ 17 ಮಕ್ಕಳ ಗಡ್ಡೆ ಕುಗ್ಗಿತು. ಅವರಲ್ಲಿ 9 ಮಕ್ಕಳಲ್ಲಿ ರೋಗ ಪೂರ್ಣವಾಗಿ ಕಾಣದಾಯಿತು. ಇದೇ ರೋಗಕ್ಕೆ ಅಮೆರಿಕದ ಹ್ಯೂಸ್ಟನ್‌ನಲ್ಲಿ 2004ರಿಂದ 2009ರವರೆಗೆ 19 ಮಕ್ಕಳಿಗೆ ಆರಂಭಿಕ ಮಾದರಿಯ ಕೋಶಗಳನ್ನು ನೀಡಲಾಗಿತ್ತು. ಅವರಲ್ಲಿ 12 ಮಂದಿ ಆ ರೋಗದಿಂದಲೇ ತೀರಿಕೊಂಡರು. ಆದರೆ ಸಕ್ರಿಯ ರೋಗವಿದ್ದ ಒಂದು ಮಗು ಬೇರೆ ಯಾವ ಚಿಕಿತ್ಸೆಯೂ ಇಲ್ಲದೆ ಹದಿನೆಂಟು ವರ್ಷಗಳಿಗೂ ಮೀರಿ ರೋಗಮುಕ್ತವಾಗಿ ಬೆಳೆದು ದೊಡ್ಡವಳಾದ ವಿಷಯ 2025ರಲ್ಲಿ ಪ್ರಕಟವಾಯಿತು.

ಇನ್ನು ನಮ್ಮ ಉದಾಹರಣೆಯ ತಾಯಿಯ ರೋಗ. ಚೀನಾದಲ್ಲಿ ಜಠರದ ಕ್ಯಾನ್ಸರಿಗೆ ‘ಸಾಟ್ರಿ-ಸೆಲ್’ ಎಂಬ ಕಾರ್-ಟಿ ಔಷಧವನ್ನು ಪರೀಕ್ಷಿಸಿ 2025ರಲ್ಲಿ ವರದಿ ಪ್ರಕಟಿಸಲಾಯಿತು. ಕನಿಷ್ಠ ಎರಡು ಚಿಕಿತ್ಸೆಗಳು ವಿಫಲವಾಗಿದ್ದ, ಗಡ್ಡೆಯ ಮೇಲೆ ಒಂದು ನಿರ್ದಿಷ್ಟ ಗುರುತಿದ್ದ 156 ರೋಗಿಗಳು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ರೂಢಿಯ ಔಷಧ. ರೂಢಿಯ ಔಷಧದವರಲ್ಲಿ ರೋಗವು ಸುಮಾರು 1.8 ತಿಂಗಳವರೆಗೆ ಬೆಳೆಯದೆ ನಿಂತಿತು. ಹೊಸ ಚಿಕಿತ್ಸೆಯ ಗುಂಪಿನಲ್ಲಿ ಸುಮಾರು 3.3 ತಿಂಗಳು. ಬದುಕಿದ ಕಾಲವು ಒಂದು ಕಡೆ ಸುಮಾರು ಐದೂವರೆ ತಿಂಗಳಾದರೆ ಇನ್ನೊಂದು ಕಡೆ ಸುಮಾರು ಎಂಟು ತಿಂಗಳು. ಹೊಸ ಚಿಕಿತ್ಸೆಗೆ ಆಯ್ಕೆಯಾದ 104 ಮಂದಿಯಲ್ಲಿ ಕೋಶಗಳನ್ನು ಪಡೆಯಲು ಸಾಧ್ಯವಾದದ್ದು 88 ಮಂದಿಗೆ ಮಾತ್ರ. ಅವರಲ್ಲಿ 87 ಮಂದಿಗೆ ತೀವ್ರ ಅಡ್ಡಪರಿಣಾಮಗಳಾದವು.

ಲಿಂಗಸೂಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಒಂದು ಟನ್ ಕಲ್ಲನ್ನು ಆಳದಿಂದ ಎತ್ತಿ, ಪುಡಿಮಾಡಿ, ತೊಳೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಹಾಗೆಂದು ಗಣಿಯಲ್ಲಿ ಚಿನ್ನವೇ ಇಲ್ಲ ಎನ್ನುವವನು ಸುಳ್ಳುಗಾರ. ಕಲ್ಲೆಲ್ಲ ಚಿನ್ನ ಎನ್ನುವವನೂ ಸುಳ್ಳುಗಾರ. ಎಷ್ಟು ಕಲ್ಲಿಗೆ ಎಷ್ಟು ಚಿನ್ನ ಎಂದು ಹೇಳುವವನೇ ಪ್ರಾಮಾಣಿಕ. ಇಂದು ಗಟ್ಟಿ ಗಡ್ಡೆಗಳಿಗೆ ಈ ಚಿಕಿತ್ಸೆಯ ಸ್ಥಿತಿಯೂ ಹಾಗೆಯೇ ಇದೆ. ಅದರಲ್ಲಿರುವ ಆಸೆ ಸುಳ್ಳಲ್ಲ, ಆದರೆ ಅದಕ್ಕೊಂದು ತೂಕವಿದೆ.

ತೂಗುವವರು ಯಾರು?

ಈಗ ಆ ಮನೆಗೆ ಹಿಂದಿರುಗೋಣ.

ಮೊದಲು ದೊಡ್ಡಪ್ಪನ ಮಾತು. ಚಿಕಿತ್ಸೆ ಮಾಡುವುದು ತಕ್ದೀರಿಗೆ ವಿರುದ್ಧವೇ? ಔಷಧ ಮಾಡಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿ ಮುಹಮ್ಮದ್(ಸ)ರು ಮಾಡಬೇಕೆಂದೇ ಹೇಳಿದರು. ಮುಪ್ಪೊಂದನ್ನು ಬಿಟ್ಟು ಮಿಕ್ಕ ರೋಗಗಳಿಗೆಲ್ಲ ಮದ್ದಿದೆಯೆಂದು ತಿಳಿಸಿದರು. ಹಝ್ರತ್ ಉಮರ್(ರ)ರು ಸಿರಿಯಾದ ಕಡೆಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದಾಗ ಅವರು ಕೊಟ್ಟ ಉತ್ತರದ ಸಾರವೇನು? ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಇದ್ದರೆ, ನೀನು ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೊಳಗೇ ಇದೆ ಎಂದು. ಅಂದರೆ ಹಸಿರನ್ನು ಆರಿಸಿಕೊಳ್ಳುವುದು ವಿಧಿಗೆ ಎದುರು ನಿಲ್ಲುವುದಲ್ಲ. ಇನ್ನು ಸೃಷ್ಟಿಯಲ್ಲಿ ಕೈಯಾಡಿಸುವ ಮಾತು. ಈ ಚಿಕಿತ್ಸೆಯಲ್ಲಿ ಬದಲಾಗುವುದು ರೋಗಿಯ ಕೆಲವು ರಕ್ತಕಣಗಳು ಮಾತ್ರ. ಅದು ಮಕ್ಕಳು ಮೊಮ್ಮಕ್ಕಳಿಗೆ ಇಳಿಯುವುದಿಲ್ಲ. 1998ರಲ್ಲಿ ಮಕ್ಕಾದಲ್ಲಿ ಸೇರಿದ ಫಿಕ್ಹ್ ಮಂಡಳಿಯು, ಹೆಚ್ಚಿನ ಹಾನಿಯಾಗದಿದ್ದರೆ ರೋಗ ತಡೆಯಲು ಮತ್ತು ಗುಣಪಡಿಸಲು ಜೀನ್ ತಂತ್ರವನ್ನು ಬಳಸಬಹುದೆಂದು ತೀರ್ಮಾನಿಸಿದೆ. ಆದ್ದರಿಂದ ದೊಡ್ಡಪ್ಪನವರ ಸಬರ್ ಸರಿ, ಆದರೆ ಅದಕ್ಕೆ ಕೊಟ್ಟ ಕಾರಣ ಸರಿಯಲ್ಲ. ಬಾಗಿಲನ್ನು ತಟ್ಟದೆ ಕೂರುವುದನ್ನು ತವಕ್ಕುಲ್ ಎನ್ನಲಾಗದು.

ಇನ್ನು ಮಗನ ಮಾತು. ಅವನ ಪ್ರೀತಿಯನ್ನು ಯಾರು ಶಂಕಿಸುವರು? ಆದರೆ ಹೊಲವು ಅವನೊಬ್ಬನದಲ್ಲ. ಅದು ತಂದೆಯ ಮುಪ್ಪಿನ ಊರುಗೋಲು, ತಂಗಿಯ ಓದು, ನಾಳೆಯ ಗಂಜಿ. ಅದನ್ನು ಮಾರಿ ಕೊಳ್ಳಹೊರಟ ವಸ್ತು ಯಾವುದೆಂಬುದನ್ನು ಅವನು ವಿಚಾರಿಸಿಯೇ ಇಲ್ಲ. ಬಡ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಮೂವತ್ತು ನಲವತ್ತು ಲಕ್ಷದ ಮುಂದೆ ಅದೆಷ್ಟು? ಇಂತಹ ಸಂಕಟದ ಮನೆಗಳನ್ನು ಹುಡುಕಿಕೊಂಡು ಬರುವ ವಂಚಕರೂ ಇದ್ದಾರೆ. ಅನುಮತಿಯೇ ಇಲ್ಲದ ‘ಕೋಶ ಚಿಕಿತ್ಸೆ’ಗಳನ್ನು ದೊಡ್ಡ ಹೆಸರಿಟ್ಟು ಮಾರುವವರ ಬಲೆಗೆ ಮೊದಲು ಬೀಳುವವರು ಹೀಗೆ ಪ್ರೀತಿಯಿಂದ ಕುರುಡಾದ ಮಕ್ಕಳೇ.

ಆಗ ನೀವು ಕೇಳಬಹುದು: “ಎರಡೂವರೆ ತಿಂಗಳು ಕಡಿಮೆಯೇ? ಮಗಳ ನಿಕಾಹ್ ನೋಡಲು, ಒಂದು ರಮಝಾನ್ ಕಳೆಯಲು ಅಷ್ಟು ಸಿಕ್ಕರೆ ಸಾಲದೇ? ತಾಯಿಯ ಆಯುಸ್ಸನ್ನು ತಕ್ಕಡಿಯಲ್ಲಿ ತೂಗಲು ನೀವು ಯಾರು?” ಇದು ನ್ಯಾಯವಾದ ಪ್ರಶ್ನೆ. ಎರಡೂವರೆ ತಿಂಗಳು ಕಡಿಮೆಯಲ್ಲ. ಅದಕ್ಕೆ ಬೆಲೆ ಕಟ್ಟುವ ಅಧಿಕಾರ ಈ ಲೇಖಕನಿಗಿಲ್ಲ, ದೊಡ್ಡಪ್ಪನಿಗಿಲ್ಲ, ಮಗನಿಗೂ ಇಲ್ಲ. ಆ ತಿಂಗಳುಗಳು ಯಾರವೋ ಅವರಿಗೆ ಇದೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಆಸ್ಪತ್ರೆಯ ಹಾಸಿಗೆಯ ಮೇಲೆ, ಜ್ವರ ನಡುಕಗಳ ನಡುವೆ ಆ ಕಾಲವನ್ನು ಕಳೆಯಬೇಕೋ, ತನ್ನ ಮನೆಯ ಅಂಗಳದಲ್ಲಿ ನೋವು ಶಮನದ ಔಷಧದೊಂದಿಗೆ ಮೊಮ್ಮಕ್ಕಳ ಮುಖ ನೋಡುತ್ತ ಕಳೆಯಬೇಕೋ ಎಂಬುದನ್ನು ಆ ತಾಯಿಯೇ ಹೇಳಬೇಕು. ಹೇಳಬೇಕಾದರೆ ಆಕೆಗೆ ಸತ್ಯ ಗೊತ್ತಿರಬೇಕು.

ನಮ್ಮ ಮನೆಗಳಲ್ಲಿ ನಡೆಯುವುದೇನು? ‘ಅಮ್ಮಿಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾಳೆ’ ಎಂದು ವೈದ್ಯರಿಗೇ ಕಣ್ಸನ್ನೆ ಮಾಡುತ್ತೇವೆ. ಹೆಂಗಸರ ವಿಷಯದಲ್ಲಂತೂ ಇದು ರೂಢಿಯೇ ಆಗಿಬಿಟ್ಟಿದೆ. ಇದು ಕರುಣೆಯೆಂದು ನಾವು ಭಾವಿಸುತ್ತೇವೆ. ಆದರೆ ಶರೀರವು ಅಲ್ಲಾಹನು ಆಯಾ ವ್ಯಕ್ತಿಗೆ ಒಪ್ಪಿಸಿದ ಅಮಾನತ್. ಆ ಅಮಾನತ್ತಿನ ಲೆಕ್ಕವನ್ನು ನಾಳೆ ಆಕೆಯೇ ಕೊಡಬೇಕು. ಲೆಕ್ಕ ಕೊಡಬೇಕಾದವಳಿಗೆ ಲೆಕ್ಕದ ಪುಸ್ತಕವನ್ನೇ ತೋರಿಸದಿರುವುದು ಯಾವ ನ್ಯಾಯ? ತೀರಿಸಬೇಕಾದ ಸಾಲ, ಬರೆಸಬೇಕಾದ ವಸಿಯ್ಯತ್, ಕೇಳಬೇಕಾದ ಕ್ಷಮೆ, ಮುನಿದ ತಂಗಿಯೊಡನೆ ಆಡಬೇಕಾದ ಒಂದು ಮಾತು ಇವೆಲ್ಲಕ್ಕೂ ಸಮಯ ಬೇಕು. ಹುಸಿ ಆಸೆಯು ಕಸಿಯುವುದು ಹಣವನ್ನು ಮಾತ್ರವಲ್ಲ, ಆ ಸಮಯವನ್ನೂ ಕಸಿಯುತ್ತದೆ. ಸತ್ಯವನ್ನು ಹೇಳುವ ರೀತಿಯಲ್ಲಿ ಮೃದುತ್ವವಿರಲಿ. ಒಮ್ಮೆಗೇ ಎಲ್ಲವನ್ನೂ ಸುರಿಯದೆ, ಆಕೆ ಕೇಳಿದಷ್ಟನ್ನು, ಆಕೆ ತಾಳಬಲ್ಲಷ್ಟನ್ನು ಹೇಳೋಣ. ಆದರೆ ಹೇಳಿದ್ದು ಸತ್ಯವೇ ಆಗಿರಲಿ.

ಕುರ್ತುಬಾದ ಶಸ್ತ್ರವೈದ್ಯ ಅಝ್ಝಹ್ರಾವಿ ಸಾವಿರ ವರ್ಷಗಳ ಹಿಂದೆ ‘ಅತ್ತಸ್ರೀಫ್’ ಎಂಬ ಬೃಹದ್ಗ್ರಂಥವನ್ನು ಬರೆದವರು. ಅನೇಕ ಶಸ್ತ್ರಚಿಕಿತ್ಸೆಗಳನ್ನು ಸಚಿತ್ರವಾಗಿ ವಿವರಿಸಿದ ಮಹಾನುಭಾವ. ಕ್ಯಾನ್ಸರಿನ ಅಧ್ಯಾಯಕ್ಕೆ ಬಂದಾಗ ಅವರು, ಸಣ್ಣದಾಗಿದ್ದರೆ ಪೂರ್ತಿ ಕತ್ತರಿಸಿ ತೆಗೆಯಬಹುದು, ಆದರೆ ಹಳತಾಗಿ ದೊಡ್ಡದಾದದ್ದನ್ನು ತಾನು ಗುಣಪಡಿಸಿಲ್ಲ, ಬೇರೆಯವರು ಗುಣಪಡಿಸಿದ್ದನ್ನೂ ಕಂಡಿಲ್ಲ ಎಂಬರ್ಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಅವರ ಕೀರ್ತಿ ಇದರಿಂದ ಕುಗ್ಗಲಿಲ್ಲ. ತನ್ನ ವಿದ್ಯೆಯ ಎಲ್ಲೆಯನ್ನು ಹೇಳುವುದು ವಿದ್ಯೆಯ ಭಾಗವೇ ಆಗಿದೆ.

ಪರೀಕ್ಷೆಗೆ ಒಪ್ಪುವುದು

ಹೊಲ ಮಾರುವುದಕ್ಕೂ ಸುಮ್ಮನೆ ಕೂರುವುದಕ್ಕೂ ನಡುವೆ ಮೂರನೆಯ ದಾರಿಯೊಂದಿದೆ. ಅದು ವೈದ್ಯಕೀಯ ಪರೀಕ್ಷೆಯಲ್ಲಿ ಪಾಲ್ಗೊಳ್ಳುವುದು. ಗಟ್ಟಿ ಗಡ್ಡೆಗಳ ಔಷಧ ಸುಧಾರಿಸುವುದು ಇಂತಹ ಪರೀಕ್ಷೆಗಳಿಂದಲೇ. ನಮ್ಮ ಜನರು ‘ಪರೀಕ್ಷೆ’ ಎಂದೊಡನೆ ‘ನಾವೇನು ಇಲಿಗಳೇ?’ ಎನ್ನುತ್ತಾರೆ. ಆ ಭಯಕ್ಕೆ ಕಾರಣಗಳಿಲ್ಲದಿಲ್ಲ. ಆದರೆ ನಾವು ಇಂದು ನುಂಗುವ ಗುಳಿಗೆಗಳನ್ನು ನಮಗಿಂತ ಮೊದಲು ಯಾರೋ ನುಂಗಿ ನೋಡಿದ್ದಾರೆಂಬುದನ್ನು ಮರೆಯಬಾರದು. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಅರ್ರಾಝಿಯವರು ಮಿದುಳು ಜ್ವರದ ಲಕ್ಷಣವುಳ್ಳ ಕೆಲವು ರೋಗಿಗಳ ರಕ್ತ ತೆಗೆದು, ಇನ್ನು ಕೆಲವರ ರಕ್ತವನ್ನು ಬೇಕೆಂದೇ ತೆಗೆಯದೆ, ಎರಡು ಗುಂಪುಗಳನ್ನು ಹೋಲಿಸಿ ನೋಡಿದ್ದಾಗಿ ಬರೆದಿದ್ದಾರೆ. ಚೀನಾದ ಆ 156 ಮಂದಿಯ ಪರೀಕ್ಷೆಯ ಹಿಂದಿರುವ ತರ್ಕವೂ ಇದೇ.

ಹ್ಯೂಸ್ಟನ್ನಿನ ಆ 19 ಮಕ್ಕಳನ್ನು ನೆನೆಯಿರಿ. 12 ಮಂದಿ ಉಳಿಯಲಿಲ್ಲ. ಅವರ ತಂದೆತಾಯಿಯರ ಒಪ್ಪಿಗೆ ವ್ಯರ್ಥವಾಯಿತೇ? ಅಲ್ಲಿ ಕಲಿತ ಪಾಠವು ಮುಂದಿನ ಸಂಶೋಧಕರಿಗೆ ದೊರೆಯಿತು. ಮರಣದ ನಂತರವೂ ಮುಂದುವರಿಯುವ ಪುಣ್ಯಗಳಲ್ಲಿ ಜನರಿಗೆ ಪ್ರಯೋಜನವಾಗುವ ಜ್ಞಾನವೂ ಒಂದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಜ್ಞಾನವನ್ನು ಬಿಟ್ಟುಹೋಗಲು ಗ್ರಂಥವನ್ನೇ ಬರೆಯಬೇಕೆಂದಿಲ್ಲ. ಓದುಬರಹ ಬಾರದ ತಾಯಿಯೊಬ್ಬಳು ತನ್ನ ರೋಗದಿಂದಲೇ ಮುಂದಿನವರಿಗೆ ಒಂದು ಪುಟವನ್ನು ಬರೆದಿಡಬಲ್ಲಳು. ಅಂತ್ಯದಿನವೇ ಬಂದರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂಬ ಪ್ರವಾದಿ(ಸ)ರ ಬೋಧನೆಗೆ ಇದಕ್ಕಿಂತ ಹತ್ತಿರದ ಅರ್ಥ ಯಾವುದಿದೆ?

ಆದರೆ ಶರತ್ತುಗಳಿವೆ. ಒಪ್ಪಿಗೆಯು ತಿಳಿದು ಕೊಟ್ಟದ್ದಾಗಿರಬೇಕು. ನಮ್ಮ ದೇಶದ 2019ರ ನಿಯಮಗಳ ಪ್ರಕಾರ ಪರೀಕ್ಷೆಯ ವಿವರಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಪರಿಹಾರವನ್ನೂ ನೀಡಬೇಕು. ರೋಗಿಯು ಬೇಡವೆನಿಸಿದಾಗ ಹೊರಬರಬಹುದು. ಪರೀಕ್ಷೆಯು ಸರಕಾರಿ ನೋಂದಣಿಯಲ್ಲಿರಬೇಕು. ಆದ್ದರಿಂದ ನಾಲ್ಕು ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿ: ಇದು ನೋಂದಾಯಿತ ಪರೀಕ್ಷೆಯೇ? ಇದೇ ರೋಗದ ಎಷ್ಟು ಮಂದಿಗೆ ಕೊಟ್ಟಿದ್ದೀರಿ, ಅವರಿಗೆ ಏನಾಯಿತು? ಹಾನಿಯಾದರೆ ಹೊಣೆ ಯಾರದು? ನಮ್ಮಿಂದ ಹಣ ಕೇಳುತ್ತೀರಾ? ಕೊನೆಯ ಪ್ರಶ್ನೆಗೆ ಉತ್ತರ ಹೌದು ಎಂದಾದರೆ ಎಚ್ಚರವಾಗಿರಿ. ಇವುಗಳಿಗೆ ನೇರ ಉತ್ತರ ಕೊಡದವರಲ್ಲಿಗೆ ತಾಯಿಯನ್ನು ಕರೆದೊಯ್ಯಬೇಡಿ.

ಕೊನೆ ಭಾಗದ ಹೊಲಗಳು

ಒಂದು ಕೊನೆಯ ವಿಷಯ. ನಾಳೆ ಈ ಚಿಕಿತ್ಸೆಯು ಗಟ್ಟಿ ಗಡ್ಡೆಗಳನ್ನೂ ಗೆದ್ದಿತೆಂದೇ ಇಟ್ಟುಕೊಳ್ಳಿ. ಅದು ಸಿಂಧನೂರಿನ ಕ್ಯಾಂಪಿಗೆ, ಮಸ್ಕಿಯ ತಾಂಡಾಕ್ಕೆ, ಲಿಂಗಸೂಗೂರಿನ ಕೂಲಿಕಾರನ ಮನೆಗೆ ತಲುಪುವುದೇ? ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಆ ಬರಹದ ಒಂದು ಆಶಯ, ಉನ್ನತವಾದುದು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ದಕ್ಕಬಹುದು ಎಂಬುದು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಆ ಮಾತು ನಮ್ಮ ನೆಲದಲ್ಲಿಯೇ ಇದೆ. ಔಷಧದ ವಿಷಯದಲ್ಲಿ ಅದು ಇನ್ನೂ ನಿಜವಾಗಬೇಕಾಗಿದೆ. ಕಾಲುವೆಯ ಮೇಲ್ಭಾಗದಲ್ಲಿಯೇ ನೀರು ಮುಗಿದುಹೋದರೆ ಅಣೆಕಟ್ಟು ತುಂಬಿ ಏನು ಫಲ?

ಇದನ್ನು ಸರಕಾರದಿಂದ ಕೇಳುವುದು ನಮ್ಮ ಹಕ್ಕು. ನಮ್ಮದೇ ಕರ್ತವ್ಯವೂ ಇದೆ. ಊರಿನ ಬೈತುಲ್‌ಮಾಲಿಗೆ ಇಂತಹ ರೋಗಿಯ ಅರ್ಜಿ ಬಂದಾಗ ಏನು ಮಾಡಬೇಕು? ಒಬ್ಬರಿಗೆ ನಲವತ್ತು ಲಕ್ಷವೋ, ನಲವತ್ತು ಮಂದಿಗೆ ಒಂದೊಂದು ಲಕ್ಷವೋ? ಫತ್ವಾ ಕೊಡುವ ಅರ್ಹತೆ ನನಗಿಲ್ಲ, ಅದನ್ನು ಉಲಮಾಗಳಲ್ಲಿ ಕೇಳಿರಿ. ಆದರೆ ಹಂಚುವವರು ಇಲ್ಲಿಯೂ ಆಸೆಯ ತೂಕವನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ನೂರಕ್ಕೆ ಎಪ್ಪತ್ತು ಮಂದಿಗೆ ಫಲಿಸುವ ಚಿಕಿತ್ಸೆ ಬೇಕಾದ ರಕ್ತದ ಕ್ಯಾನ್ಸರಿನ ಯುವಕನಿಗಾಗಿ ಊರು ಊರೇ ಸೇರಿ ಹಣ ಕೂಡಿಸುವುದು ಸರಿ. ಇನ್ನೂ ಪರೀಕ್ಷೆಯಲ್ಲಿರುವ ಔಷಧವನ್ನು ಬೆಲೆ ತೆತ್ತು ಕೊಳ್ಳಲು ಬಡವರ ಹಕ್ಕಿನ ಝಕಾತನ್ನು ಸುರಿಯುವುದು ಸರಿಯಲ್ಲ. ಆ ತಾಯಿಗೆ ನಾವು ಏನೂ ಕೊಡಬೇಕಾಗಿಲ್ಲವೆಂದು ಇದರ ಅರ್ಥವಲ್ಲ. ನೋವಿಲ್ಲದ ರಾತ್ರಿಗಳು, ಬೆಂಗಳೂರಿಗೆ ಹೋಗಿಬರುವ ಖರ್ಚು, ಕೂಲಿ ಬಿಟ್ಟು ಹಾಸಿಗೆಯ ಬಳಿ ಕುಳಿತ ಗಂಡನ ಮನೆಗೆ ಅಕ್ಕಿ ಬೇಳೆ ಇವು ಆಕೆಯ ಹಕ್ಕು. ಇವಕ್ಕೆ ನಲವತ್ತು ಲಕ್ಷ ಬೇಕಾಗಿಲ್ಲ.

ಇಮಾಮ್ ಗಝ್ಝಾಲಿಯವರು ವೈದ್ಯವಿದ್ಯೆಯನ್ನು ಫರ್ಝ್ ಕಿಫಾಯ ಎಂದು ಎಣಿಸಿದ್ದರು. ಎಲ್ಲರೂ ಫಿಕ್ಹ್ ಕಲಿಯಲು ಮುಗಿಬಿದ್ದು ಊರುಗಳಲ್ಲಿ ಮುಸ್ಲಿಮ್ ವೈದ್ಯರೇ ಇಲ್ಲವಾಗಿದ್ದಾರೆಂದು ಮರುಗಿದ್ದರು. ಮದ್ರಸದಲ್ಲಿ ಕಲಿತ ನಮ್ಮಂಥವರು ಆ ಮಾತನ್ನು ನಮ್ಮ ವಿದ್ಯಾರ್ಥಿಗಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಮತ್ತೆ ಮತ್ತೆ ಹೇಳಬೇಕು. ಗಡ್ಡೆಯ ಗೋಡೆಯನ್ನು ಭೇದಿಸುವ ದಾರಿಯನ್ನು ಮುಂದೊಂದು ದಿನ ಮಾನವಿಯ ಅಥವಾ ಮಸ್ಕಿಯ ಒಬ್ಬ ಹುಡುಗಿ ಕಂಡುಹಿಡಿಯಬಾರದೇಕೆ? ಅದುವರೆಗೆ, ಗುಟ್ಕಾ ತಂಬಾಕುಗಳನ್ನು ಮನೆಯಿಂದ ಹೊರಹಾಕುವುದು, ಬಾಯಿಯ ವಾಸಿಯಾಗದ ಹುಣ್ಣನ್ನೂ ಎದೆಯ ಗಂಟನ್ನೂ ನಾಚಿಕೆಯಿಂದ ಮುಚ್ಚಿಡದೆ ಬೇಗನೆ ತೋರಿಸುವುದು ಇವು ಇಂದೇ ನಮ್ಮ ಕೈಯಲ್ಲಿವೆ. ಸಣ್ಣದಿದ್ದಾಗ ತೆಗೆಯಿರಿ ಎಂದು ಅಝ್ಝಹ್ರಾವಿ ಹೇಳಿದ ಮಾತು ಇಂದಿಗೂ ಹಳತಾಗಿಲ್ಲ.

ತಕ್ಕಡಿಯಲ್ಲಿ ಮೋಸ ಮಾಡಬೇಡಿರೆಂಬ ಆಜ್ಞೆಯನ್ನು ನಾವು ಅಂಗಡಿಗೆ ಮಾತ್ರ ಅನ್ವಯಿಸಿಕೊಂಡಿದ್ದೇವೆ. ರೋಗಿಯ ಹಾಸಿಗೆಯ ಬಳಿಯೂ ಒಂದು ತಕ್ಕಡಿಯಿದೆ. ಅಲ್ಲಿ ಆಸೆಯನ್ನು ಕಡಿಮೆ ತೂಗಿದರೆ ಅದು ಕ್ರೌರ್ಯ, ಹೆಚ್ಚು ತೂಗಿದರೆ ವಂಚನೆ. ಸರಿಯಾಗಿ ತೂಗಿ, ತೂಕವನ್ನು ರೋಗಿಯ ಕೈಗೇ ಕೊಟ್ಟು, ಆಮೇಲೆ ಆಕೆಯ ಪಕ್ಕದಲ್ಲಿ ಕೂರುವುದು ನಮ್ಮ ಪಾಲಿನ ಕೆಲಸ. ಗುಣಪಡಿಸುವುದು ಅಲ್ಲಾಹನ ಕೈಯಲ್ಲಿದೆ. ರೋಗದಲ್ಲಿರುವ ಎಲ್ಲರಿಗೂ ಅವನು ಶಿಫಾ ನೀಡಲಿ, ಅವರ ಸೇವೆಯಲ್ಲಿರುವವರಿಗೆ ಸತ್ಯ ಹೇಳುವ ಧೈರ್ಯವನ್ನೂ ಹೇಳುವ ಮೃದುತ್ವವನ್ನೂ ಕರುಣಿಸಲಿ. ಆಮೀನ್.